ಎಡ ಕಾರ್ನರಿನಲ್ಲಿ ನಿಂತವನು

ನಾನು ರೈಡರ್ ಆಗಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಮೂಡಿಗೆರೆಯ ಕಾಲೇಜು ತಂಡದಲ್ಲೂ, ಗದ್ದೆ ಕೊಯ್ಲು ಮುಗಿದ ಮೇಲೆ ಜಾವಳಿ ಕಡೆ ನಡೆಯುವ ಹೊನಲು ಬೆಳಕಿನ ಕಬಡ್ಡಿಯಲ್ಲೂ ಎದುರು ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವುದು ನನ್ನ ಕೆಲಸ. ಬಂದವರನ್ನು ಹಿಡಿಯುವ ಕೆಲಸ ಬೇರೆಯವರದು. ನನ್ನ ರೈಡ್ ಮುಗಿದ ಮೇಲೆ ನಾನು ಒಂದು ಪಕ್ಕ ನಿಂತು ಉಸಿರು ಸುಧಾರಿಸಿಕೊಳ್ಳುತ್ತಿದ್ದೆ. ಎದುರಾಳಿ ನನ್ನ ಕಡೆ ಬಂದರೆ ಹಿಂದೆ ಸರಿಯುತ್ತಿದ್ದೆ. ಅದನ್ನು ಯಾರೂ ತಪ್ಪು ಎನ್ನುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಹಿಡಿಯುವವಳು ಅಕ್ಕ. ಅವಳು ಕಾಲೇಜಿನಲ್ಲಿದ್ದಾಗ ಜಿಲ್ಲೆಗೆ, ಆಮೇಲೆ ರಾಜ್ಯದ ಜೂನಿಯರ್ ತಂಡಕ್ಕೆ ಆಡಿದವಳು. ಎಡ ಕಾರ್ನರ್, ಅಂದರೆ ಅಂಕಣದ ಎಡತುದಿಯಲ್ಲಿ ನಿಂತು ರೈಡರಿನ ಪಾದದ ಗೆಣ್ಣಿಗೆ ಕೈ ಹಾಕುವವಳು. ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ. ಅದರ ಹಿಂದಿನ ಖಾಲಿ ಜಾಗದಲ್ಲಿ ಗೋಣಿಚೀಲ ಹಾಸಿ ಅವಳು ನನ್ನನ್ನು ಓಡಿಸುತ್ತಿದ್ದಳು, ಹಿಡಿದು ಬೀಳಿಸುತ್ತಿದ್ದಳು. ನಾನು ಒಳ್ಳೆಯ ರೈಡರ್ ಆದದ್ದು ಅವಳಿಂದ ತಪ್ಪಿಸಿಕೊಳ್ಳಲು ಕಲಿತು. ಆಮೇಲೆ ಅವಳು ಓದು ಮುಗಿಸಿ, ಕಳಸದ ಒಂದು ಶಾಲೆಗೆ ದೈಹಿಕ ಶಿಕ್ಷಣದ ಟೀಚರಾಗಿ ಸೇರಿ, ಅಲ್ಲೇ ಮೆಣಸು ಬೆಳೆಯುವವರ ಮನೆಗೆ ಮದುವೆಯಾಗಿ ಹೋದಳು.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಒಂದು ಲೀಗ್ ತಂಡದವರು ಹೊಸಬರನ್ನು ಆರಿಸಲು ಬೆಂಗಳೂರಿಗೆ ಬಂದಿದ್ದರು. ಕಾಲೇಜಿನ ಮೇಷ್ಟ್ರು ನನ್ನ ಹೆಸರು ಕೊಟ್ಟರು, ನಾನು ಬಸ್ಸು ಹತ್ತಿ ಹೋದೆ. ನನಗಿಂತ ಚೆನ್ನಾಗಿ ರೈಡ್ ಮಾಡುವವರು ಅಲ್ಲಿ ರಾಶಿ ಬಿದ್ದಿದ್ದರು. ಮೊದಲ ಆಟದಲ್ಲಿ ನಾನು ಹೋದಷ್ಟು ಸಲವೂ ಸಿಕ್ಕಿಬಿದ್ದೆ. ಇನ್ನು ಬ್ಯಾಗು ತೆಗೆದುಕೊಂಡು ಹೊರಡುವುದೇ ಸರಿ ಅಂದುಕೊಳ್ಳುವಾಗ ಇನ್ನೊಂದು ಆಟದಲ್ಲಿ ಎಡ ಕಾರ್ನರಿನ ಹುಡುಗನ ಮೂಗಿಗೆ ಮೊಣಕೈ ತಾಗಿ ರಕ್ತ ಬಂತು. ಕೋಚ್ ಸುತ್ತ ನೋಡಿ, ಹತ್ತಿರ ನಿಂತಿದ್ದ ನನಗೆ ಬೆರಳು ತೋರಿಸಿದರು. ನಾನು ಹೋಗಿ ನಿಂತೆ.

ಎದುರಿನಿಂದ ಬಂದ ರೈಡರ್ ಥೇಟ್ ನನ್ನ ಹಾಗೆ ಆಡುವವನು. ಬಲಕ್ಕೆ ಹೋಗುವಂತೆ ಭುಜ ತಿರುಗಿಸಿ, ಕಡೇ ಗಳಿಗೆಯಲ್ಲಿ ಹಿಂಗಾಲನ್ನು ಎಡಕ್ಕೆ ಚಾಚುವವನು. ಆ ಕಾಲು ಎಲ್ಲಿಗೆ ಬರುತ್ತದೆಂದು ನನಗೆ ಗೊತ್ತಿತ್ತು, ಏಕೆಂದರೆ ನಾನೂ ಅಲ್ಲಿಗೇ ಇಡುತ್ತಿದ್ದೆ. ಬಗ್ಗಿ ಹಿಡಿದೆ. ಅವನು ಬಿದ್ದ. ಅವನು ಮತ್ತೆ ಬಂದಾಗಲೂ ಹಾಗೇ ಆಯಿತು. ಸಂಜೆ ಕೋಚ್ ನನ್ನನ್ನು ಕರೆದು ಇಂಗ್ಲಿಷಿನಲ್ಲಿ, "ಲೆಫ್ಟ್ ಕಾರ್ನರ್," ಎಂದರು.

"ಸರ್, ಐ ಆಮ್ ರೈಡರ್," ಎಂದೆ.

"ನೋ," ಎಂದರು ಅವರು, ಯೋಚನೆ ಮಾಡದೆ.

ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ.

"ಸೆಲೆಕ್ಟ್ ಆತು."

"ಹೌದೇನೋ? ಸುಳ್ಳಲ್ಲ ತಾನೆ?"

"ಇಲ್ಲ. ಆದ್ರೆ ಕ್ಯಾಚಿಂಗಿಗೆ ತಗೊಂಡಿದಾರೆ. ಎಡ ಕಾರ್ನರ್."

ಆ ಕಡೆ ಶಾಲೆ ಬಿಡುವ ಗಂಟೆ ಹೊಡೆದದ್ದು ಕೇಳಿಸಿತು. "ನಿನ್ನನ್ನಾ?" ಎಂದಳು. "ಅವ್ರು ಸರಿಯಾಗಿ ನೋಡಿದಾರಾ ಮಾರಾಯ?"

ನನಗೂ ಅದೇ ಅನುಮಾನ. ಬೇರೆ ಯಾರನ್ನೋ ಕರೆಯಬೇಕಿದ್ದು ನನ್ನನ್ನು ಕರೆದಿರಬಹುದು ಎಂದು ಮೂಡಿಗೆರೆ ತಲುಪುವವರೆಗೂ ಅನ್ನಿಸುತ್ತಲೇ ಇತ್ತು.

ತಂಡದ ಶಿಬಿರ ನಡೆದದ್ದು ಉತ್ತರದ ಒಂದು ಊರಿನಲ್ಲಿ. ಅಲ್ಲಿ ಎಲ್ಲರ ಮಾತು ಹಿಂದಿ. ನನಗೆ ಬರುತ್ತಿದ್ದ ಹಿಂದಿಯಲ್ಲಿ ಊಟ ಕೇಳಬಹುದಿತ್ತು, ಜಗಳ ಆಡಲು ಆಗುತ್ತಿರಲಿಲ್ಲ. ಕನ್ನಡದವರೆಂದರೆ ನಾನು ಮತ್ತು ಬೆಳಗಾವಿ ಕಡೆಯಿಂದ ಬಂದಿದ್ದ, ಆಟಗಾರರಿಗೆ ಮಾಲೀಶು ಮಾಡುವ ಮಧ್ಯವಯಸ್ಸಿನ ಒಬ್ಬರು. ಕೋಚ್ ನನಗೆ ಬೈದರೆ ಅವರೇ ಆಮೇಲೆ ಬೈಗುಳವನ್ನು ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದರು.

ಕಬಡ್ಡಿಯಲ್ಲಿ ಕಾರ್ನರಿನವನು ಒಬ್ಬನೇ ನಿಲ್ಲುವುದಿಲ್ಲ. ಪಕ್ಕದವನ ಕೈ ಹಿಡಿದಿರುತ್ತಾನೆ. ಒಬ್ಬ ಮುಂದೆ ನುಗ್ಗಿದರೆ ಇನ್ನೊಬ್ಬ ಅವನನ್ನು ಎಳೆದು ಉಳಿಸಬೇಕು, ಇಲ್ಲವೇ ಅವನ ಹಿಂದೆಯೇ ಬೀಳಬೇಕು. ನನ್ನ ಕೈ ಹಿಡಿಯುವವರು ಹರಿಯಾಣದ ಹಿರಿಯ ಆಟಗಾರರೊಬ್ಬರು. ಬಹಳ ವರ್ಷ ಆಡಿ, ಪೆಟ್ಟು ತಿಂದು ಕಿವಿಗಳು ಮುದ್ದೆಯಾಗಿದ್ದವು. ಮಾತು ಕಡಿಮೆ. ಎಲ್ಲರೂ ಅವರನ್ನು ಭಾಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ರೈಡರ್ ಒಳಗೆ ಕಾಲಿಟ್ಟ ಕೂಡಲೇ ಅವರು ನನ್ನ ಕೈಯನ್ನು ಒತ್ತುತ್ತಿದ್ದರು. ಕೆಲವು ಸಲ ಮೆಲ್ಲಗೆ, ಕೆಲವು ಸಲ ಬೆರಳು ಮುರಿಯುವಷ್ಟು.

ಇದು ಸನ್ನೆ ಎಂದು ನಾನು ತಿಳಿದೆ. ಮೆಲ್ಲಗೆ ಒತ್ತಿದರೆ ನಿಲ್ಲು ಎಂದೋ, ಗಟ್ಟಿಯಾಗಿ ಒತ್ತಿದರೆ ನುಗ್ಗು ಎಂದೋ? ಗಟ್ಟಿಯಾಗಿ ಒತ್ತಿದಾಗ ನುಗ್ಗಿದರೆ ಒಂದು ದಿನ ಭೇಷ್ ಎನ್ನುವಂತೆ ತಲೆಯಾಡಿಸುತ್ತಿದ್ದರು, ಮರುದಿನ ಅದನ್ನೇ ಮಾಡಿದರೆ "ರುಕ್, ರುಕ್," ನಿಲ್ಲು ಎಂದು ಗದರುತ್ತಿದ್ದರು. ಕೇಳಲು ನಾಚಿಕೆ. ಇದು ಎಲ್ಲರಿಗೂ ಗೊತ್ತಿರುವ, ನನಗೊಬ್ಬನಿಗೇ ಗೊತ್ತಿಲ್ಲದ ಪಾಠ ಇರಬೇಕು ಅನ್ನಿಸುತ್ತಿತ್ತು. ರೈಡ್ ಮಾಡುವಾಗ ನನಗೆ ಕೈಕಾಲು ತಾವಾಗಿಯೇ ಆಡುತ್ತಿದ್ದವು. ಇಲ್ಲಿ ನಿಂತು ಕಾಯಬೇಕು. ಕಾಯುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ.

ಮೊದಲ ಸೀಸನ್ ಪೂರ್ತಿ ನಾನು ಬೆಂಚಿನ ಮೇಲೆ ಕೂತೆ. ಒಂದು ಪಂದ್ಯದಲ್ಲೂ ಮ್ಯಾಟ್ ಮೇಲೆ ಕಾಲಿಡಲಿಲ್ಲ. ನಡುನಡುವೆ ಎದ್ದು ಮೈ ಬಿಸಿ ಮಾಡಿಕೊಳ್ಳುತ್ತಿದ್ದೆ, ಮತ್ತೆ ಕೂರುತ್ತಿದ್ದೆ. ಮನೆಯವರು ಟಿವಿಯಲ್ಲಿ ಅದನ್ನೇ ನೋಡುತ್ತಿದ್ದರು. "ಎದ್ದು ಹಾರ್ತಾ ಇದ್ಯಲ್ಲ, ಈಗ ಕರೀತಾರೆ ಅಂದ್ಕೊಂಡೆ. ಮತ್ತೆ ಎಂತಕ್ಕೆ ಕೂತೆ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ಎಂತಕ್ಕೆ ಎಂದು ನನಗೆ ತಿಳಿದಿದ್ದರೆ ಹೇಳುತ್ತಿದ್ದೆ.

ಸೀಸನ್ ಮುಗಿಸಿ ಊರಿಗೆ ಬಂದರೆ ಸನ್ಮಾನ. ಪೇಟೆಯ ವರ್ತಕರು ಸೇರಿ ಒಂದು ಸಭಾಂಗಣದಲ್ಲಿ ಏರ್ಪಾಡು ಮಾಡಿದ್ದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಎಸ್ಟೇಟ್ ಮಾಲೀಕರೊಬ್ಬರು ಮುಖ್ಯ ಅತಿಥಿ. ನಾನು ಎದುರಾಳಿಗಳ ಕೋಟೆಗೆ ನುಗ್ಗಿ ಅಂಕ ದೋಚಿ ಬಂದವನು ಎಂದು ಅವರು ಬಹಳ ಹೊತ್ತು ಮಾತಾಡಿದರು. ನಾನು ಡಿಫೆಂಡರ್ ಎಂದು ಎದ್ದು ಹೇಳಬೇಕೆ, ಆಡಿಯೇ ಇಲ್ಲ ಎಂದು ಹೇಳಬೇಕೆ, ಎರಡರಲ್ಲಿ ಯಾವುದನ್ನು ಮೊದಲು ಹೇಳಬೇಕು ಎಂದು ತಿಳಿಯದೆ ಪೇಟ ಜಾರದಂತೆ ತಲೆ ನೆಟ್ಟಗೆ ಇಟ್ಟುಕೊಂಡು ಕೂತಿದ್ದೆ.

ಮನೆಗೆ ನಡೆದುಕೊಂಡು ಬರುವಾಗ ಅಪ್ಪ ಹಣ್ಣಿನ ಬುಟ್ಟಿಯನ್ನು ತಾವೇ ಹಿಡಿದುಕೊಂಡಿದ್ದರು. "ಅಲ್ಲ ಕಣೋ, ನೀನು ಅಲ್ಲಿ ಎಂತ ಮಾಡಿದ್ದು ಅಂತ ಸರಿಯಾಗಿ ಹೇಳು. ಅಂಗಡೀಲಿ ಕೇಳ್ತಾರೆ," ಎಂದರು.

"ಕೂತಿದ್ದೆ ಅಪ್ಪ."

"ಕೂತಿದ್ದಕ್ಕೆ ಇಷ್ಟೆಲ್ಲ ಮಾಡಿದ್ರಾ?"

"ಹೂಂ."

ಅಪ್ಪ ನಾಲ್ಕು ಹೆಜ್ಜೆ ನಡೆದು, "ಇರ್ಲಿ ಬಿಡು. ಕೂರ್ಸಿಕೊಂಡಿದಾರೆ ಅಂದ್ರೆ ಏನೋ ಕಂಡಿರ್ತಾರೆ," ಎಂದರು. ಅವರು ಕಂಡದ್ದೇನು ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಆ ಬೇಸಿಗೆ ನಾನು ಕಳಸಕ್ಕೆ ಹೋಗಿ ಅಕ್ಕನ ಮನೆಯಲ್ಲಿ ಉಳಿದೆ. ಕಾಫಿ ಹೂವರಳಿಸುವ ಹೂಮಳೆ ಬಂದು ಹೋಗಿತ್ತು. ಭಾವ ಬೆಳಿಗ್ಗೆಯೇ ಜೀಪು ತೆಗೆದುಕೊಂಡು ತೋಟಕ್ಕೆ ಹೋದರೆ ನಾನೂ ಅಕ್ಕನೂ, ರಜೆಯಲ್ಲಿ ಬಿಕೋ ಎನ್ನುತ್ತಿದ್ದ ಅವಳ ಶಾಲೆಯ ಮೈದಾನಕ್ಕೆ ಹೋಗುತ್ತಿದ್ದೆವು. ಅವಳು ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, "ಬಾ, ರೈಡಿಗೆ ಬಾ," ಎನ್ನುವಳು. ನಾನು ಹೋದರೆ ಹಿಡಿಯುವಳು. ಮಗು ಹುಟ್ಟಿ, ಮೈ ಸ್ವಲ್ಪ ದಪ್ಪವಾಗಿ, ಆಡುವುದು ಬಿಟ್ಟು ಎಷ್ಟೋ ಕಾಲವಾದ ಮೇಲೂ ಅವಳ ಕೈ ನನ್ನ ಗೆಣ್ಣಿಗೆ ಬಿದ್ದರೆ ಬಿಡಿಸಲು ಆಗುತ್ತಿರಲಿಲ್ಲ.

ಆಮೇಲೆ ಅವಳು ರೈಡರ್, ನಾನು ಕಾರ್ನರ್. ನಾನು ಪ್ರತಿ ಸಲವೂ ಮೊದಲೇ ಹಾರುತ್ತಿದ್ದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡು ನನ್ನ ಬೆನ್ನು ಮುಟ್ಟಿ ಗೆರೆ ದಾಟುತ್ತಿದ್ದಳು.

"ನೀನು ಅವ್ನ ಹತ್ರ ಹೋಗ್ತೀಯ. ಹೋಗ್ಬಾರ್ದು. ಅವ್ನೇ ಬರ್ಲಿ," ಎಂದಳು.

"ಬರ್ದೇ ಇದ್ರೆ?"

"ಬರ್ದೇ ಇದ್ರೆ ಒಳ್ಳೇದೇ ಆತಲ್ಲ. ಖಾಲಿ ಕೈಯಲ್ಲಿ ವಾಪಸ್ ಹೋಗ್ತಾನೆ."

"ಆ ಭಾಯಿ ಕೈ ಒತ್ತುತ್ತಾರಲ್ಲ, ಅದಕ್ಕೆ ಎಂತ ಅರ್ಥ?"

"ನಂಗೆ ಹೆಂಗೆ ಗೊತ್ತು? ನನ್ನ ಕೈ ಹಿಡಿತಿದ್ದವಳು ಏನೂ ಒತ್ತುತಿರ್ಲಿಲ್ಲ. ಕೇಳು ಅವ್ರನ್ನೇ."

ಒಂದು ದಿನ ಮೈದಾನದ ಅಂಚಿನ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುವಾಗ ನಾನು ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. "ಅಕ್ಕ, ಅಲ್ಲಿ ನೀನಿರ್ಬೇಕಿತ್ತು. ನಾನಲ್ಲ."

ಅವಳಿಗೆ ಖುಷಿಯಾಗಬಹುದು, ಇಲ್ಲ ಕಣ್ಣು ತುಂಬಬಹುದು ಅಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು.

"ನಂಗೆ ಬೇಕಿತ್ತು ಅಂತ ಯಾರು ಹೇಳಿದ್ರು ನಿಂಗೆ?" ಎಂದಳು. "ನಾನು ಆಡಿದೆ, ಸಾಕಾತು, ಬಿಟ್ಟೆ. ಮಕ್ಕಳಿಗೆ ಆಡ್ಸೋದು ನಂಗೆ ಇಷ್ಟ. ನಿನ್ನ ಅನುಮಾನಾನ ನನ್ನ ತಲೆಗೆ ಕಟ್ಬೇಡ."

ಅವಳು ಹೇಳಿದ್ದು ನಿಜವೇ, ನನ್ನನ್ನು ಸುಮ್ಮನಾಗಿಸಲು ಹೇಳಿದ್ದೇ ಎಂದು ನನಗೆ ಈಗಲೂ ಗೊತ್ತಿಲ್ಲ. ನಾನು ಮತ್ತೆ ಆ ಮಾತು ಎತ್ತಲಿಲ್ಲ. ಅವಳು ಎದ್ದು ವೇಲು ಬಿಗಿದುಕೊಂಡಳು, ನಾವು ಮತ್ತೆ ಆಡಿದೆವು.

ಎರಡನೇ ಸೀಸನ್ನಿನ ಮಧ್ಯದಲ್ಲಿ ನಮ್ಮ ತಂಡದ ಎಡ ಕಾರ್ನರಿನವನ ಮಂಡಿ ತಿರುಚಿತು. ಪಂದ್ಯಕ್ಕೆ ಹೊರಡುವ ಬಸ್ಸಿನಲ್ಲಿ ಕೋಚ್ ನನ್ನ ಸೀಟಿನ ಹತ್ತಿರ ಬಂದು ಹೆಗಲು ತಟ್ಟಿ ಹೋದರು. ಇವತ್ತು ನೀನು ಆಡುತ್ತೀಯ ಎಂದೋ, ಹೆದರಬೇಡ ಎಂದೋ ತಿಳಿಯಲಿಲ್ಲ. ಮಾಲೀಶಿನವರು ಹಿಂದಿನ ಸೀಟಿನಿಂದ ಬಗ್ಗಿ, "ನೀನ ಇವತ್ತ," ಎಂದಾಗಲೇ ಗೊತ್ತಾದದ್ದು.

ಒಳಗೆ ದೀಪಗಳ ಬೆಳಕು ಎಷ್ಟಿತ್ತೆಂದರೆ ಜನ ಕಾಣುತ್ತಿರಲಿಲ್ಲ, ಅವರ ಗದ್ದಲ ಮಾತ್ರ ಕೇಳುತ್ತಿತ್ತು. ಭಾಯಿ ನನ್ನ ಬಲಗೈ ಹಿಡಿದರು. ಎದುರು ತಂಡದ ದೊಡ್ಡ ರೈಡರ್, ಟಿವಿಯಲ್ಲಿ ನೋಡಿ ಗೊತ್ತಿದ್ದವನು, ಗೆರೆ ದಾಟಿ ಒಳಗೆ ಬಂದ. ಭಾಯಿ ಕೈ ಒತ್ತಿದರು. ಗಟ್ಟಿಯಾಗಿ ಒತ್ತಿದರು. ನುಗ್ಗು ಎಂದು ತಿಳಿದು ನಾನು ಹಾರಿದೆ. ಅವನ ಕಾಲು ಅಲ್ಲಿರಲಿಲ್ಲ. ಕೈ ಹಿಡಿದಿದ್ದ ಭಾಯಿಯೂ ನನ್ನ ಜೊತೆ ಎಳೆಸಿಕೊಂಡು ಬಿದ್ದರು. ಅವನು ಇಬ್ಬರನ್ನೂ ಮುಟ್ಟಿ, ಅವಸರವಿಲ್ಲದೆ ವಾಪಸ್ ನಡೆದ. ನಾವಿಬ್ಬರೂ ಔಟ್ ಆಗಿ ಅಂಕಣದ ಹೊರಗೆ ಹೋಗಿ ಕೂತೆವು. ಭಾಯಿ ನನ್ನ ಕಡೆ ನೋಡಲಿಲ್ಲ. ಮುಂದಿನ ಸಲ ಒಳಗೆ ಹೋದಾಗ ಅವರು ಮತ್ತೆ ಗಟ್ಟಿಯಾಗಿ ಒತ್ತಿದರು. ಈ ಸಲ ನಾನು ಕದಲದೆ ನಿಂತೆ. ರೈಡರ್ ನನ್ನ ಎದೆ ಮುಟ್ಟಿ ಹೋದ. ಅಲ್ಲಿಗೆ ಕೋಚ್ ನನ್ನನ್ನು ಹೊರಗೆ ಕರೆದರು.

ಮರುದಿನ ಹೋಟೆಲಿನಲ್ಲಿ ತಿಂಡಿ ತಿನ್ನುವಾಗ ನಾನು ಮಾಲೀಶಿನವರ ಹತ್ತಿರ ಹೋದೆ. ಇನ್ನು ನಾಚಿಕೆ ಪಟ್ಟರೆ ಆಗುವುದಿಲ್ಲ ಅನ್ನಿಸಿತ್ತು. "ಅಣ್ಣಾ, ಭಾಯಿನ ಒಂದು ಕೇಳ್ಬೇಕಿತ್ತು. ಮೆಲ್ಲಗೆ ಒತ್ತಿದ್ರೆ ಎಂತ, ಗಟ್ಟಿ ಒತ್ತಿದ್ರೆ ಎಂತ ಅಂತ. ನೀವೇ ಕೇಳಿ ಕೊಡಿ," ಎಂದೆ.

ಇಬ್ಬರೂ ಭಾಯಿಯ ಮೇಜಿಗೆ ಹೋಗಿ ಕೂತೆವು. ಮಾಲೀಶಿನವರು ಹಿಂದಿಯಲ್ಲಿ ಕೇಳಿದರು. ಭಾಯಿ ಪರೋಟ ಮುರಿಯುವುದನ್ನು ನಿಲ್ಲಿಸಿ ತಮ್ಮ ಎಡಗೈಯನ್ನು ನೋಡಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ ಏನೋ ಉದ್ದಕ್ಕೆ ಹೇಳಿದರು. ಮಾಲೀಶಿನವರು ಅವರನ್ನೇ ನೋಡುತ್ತಾ ಉಳಿದರು.

"ಏನಂತೆ?" ಎಂದೆ.

"ಅದು ಸನ್ನಿ ಗಿನ್ನಿ ಏನೂ ಅಲ್ಲಂತ," ಎಂದರು ಅವರು. "ತಾ ಒತ್ತತೀನಿ ಅನ್ನೂದ ಅಂವಗ ಗೊತ್ತಿರಲಿಲ್ಲಂತ. ರೈಡರ್ ಒಳಗ ಬಂದ್ರ ಅಂವಗ ಅಂಜಿಕಿ ಬರ್ತೈತಂತ. ಮೊದಲಿಂದನೂ ಹಂಗ. ಕೈ ತಾನ ಬಿಗೀತೈತಿ ಅಂತಾನ. ಭಾಳ ಅಂಜಿಕಿ ಬಂದ್ರ ಭಾಳ ಬಿಗೀತೈತಿ."

ನನಗೆ ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ. ಅಷ್ಟು ವರ್ಷ ಆಡಿದ, ಎಂತೆಂಥವರನ್ನೋ ಕೆಡವಿದ ಮನುಷ್ಯ. ಇಡೀ ಒಂದು ವರ್ಷ ನಾನು ಅವರ ಭಯವನ್ನು ಪಾಠ ಎಂದು ಓದುತ್ತಾ, ಅರ್ಥವಾಗದೆ ನನ್ನನ್ನೇ ಬೈದುಕೊಳ್ಳುತ್ತಾ ಇದ್ದೆ. ಭಾಯಿ ನನ್ನ ಮುಖ ನೋಡಿ ಏನೋ ಕೇಳಿದರು.

"ನೋಯತೈತೇನು ಅಂತ ಕೇಳಾಕತ್ತಾನ."

"ಇಲ್ಲ ಅನ್ನಿ," ಎಂದೆ. ನೋಯುತ್ತಿತ್ತು.

ಭಾಯಿ ತಮ್ಮ ತಟ್ಟೆಯಿಂದ ಅರ್ಧ ಪರೋಟ ತೆಗೆದು ನನ್ನ ತಟ್ಟೆಗೆ ಹಾಕಿದರು. ಕೋಚಿಗೆ ಇದನ್ನು ಹೇಳಬೇಡ ಎಂದು ಅವರು ಕೇಳಿಕೊಳ್ಳಲಿಲ್ಲ, ನಾವೂ ಹೇಳಲಿಲ್ಲ.

ಎಡ ಕಾರ್ನರಿನವನ ಮಂಡಿ ವಾಸಿಯಾಗದೆ ಕೋಚ್ ಮತ್ತೆ ನನ್ನನ್ನೇ ಇಳಿಸಿದರು. ಆ ಮೇಲಿನ ಪಂದ್ಯಗಳಲ್ಲಿ ಭಾಯಿ ಒತ್ತಿದಾಗ ನಾನು ಅದಕ್ಕೆ ಗಮನ ಕೊಡದೆ ರೈಡರಿನ ಸೊಂಟವನ್ನು ನೋಡುತ್ತಾ ನಿಂತೆ. ಅವನೇ ಬರಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಕೆಲವರು ಬಂದರು, ಸಿಕ್ಕಿಬಿದ್ದರು. ಒಮ್ಮೆ ಆ ದೊಡ್ಡ ರೈಡರೇ ಸಿಕ್ಕಿದ. ಅವನ ಗೆಣ್ಣು ನನ್ನ ಎರಡು ಕೈಯೊಳಗಿತ್ತು, ಭಾಯಿ ಮೇಲಿನಿಂದ ಬಿದ್ದಿದ್ದರು, ಸೀಟಿ ಕೇಳಿಸಿತು. ನಾನು ಯಾವಾಗ ಬಗ್ಗಿದೆ, ಹೇಗೆ ಹಿಡಿದೆ ಎಂದು ಒಂದೂ ನೆನಪಿಲ್ಲ. ಅಂಗಡಿಯಲ್ಲಿ ಅಪ್ಪ ಗಿರಾಕಿಗಳಿಗೆ ಅದನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದರಂತೆ. ನಾನೂ ಆಮೇಲೆ ಅದನ್ನೇ ನೋಡಿದೆ. ಅಲ್ಲಿರುವವನು ಬಹಳ ತಿಳಿದವನಂತೆ ಕಾಣುತ್ತಾನೆ.

ಸೀಸನ್ ಮುಗಿದ ಮೇಲೆ ತಂಡ ನನ್ನನ್ನು ಬಿಟ್ಟುಬಿಟ್ಟಿತು. ಮ್ಯಾನೇಜರ್ ಫೋನ್ ಮಾಡಿ ಧನ್ಯವಾದ ಹೇಳಿದರು, ಒಳ್ಳೆಯದಾಗಲಿ ಎಂದರು. ಏನೂ ಆಡದ ವರ್ಷ ಉಳಿಸಿಕೊಂಡರು, ಆಡಿದ ವರ್ಷ ಬಿಟ್ಟರು. ಕಾರಣ ಕೇಳಿದೆ. "ಹೊಸ ತಂಡ ಕಟ್ಟುತ್ತಿದ್ದೇವೆ," ಎಂದರು. ಭಾಯಿಯನ್ನೂ ಬಿಟ್ಟಿದ್ದರು. ಅವರು ತಮ್ಮ ಊರಿನ ಸರ್ಕಾರಿ ಕೆಲಸಕ್ಕೆ ಮರಳಿದರೆಂದು ಮಾಲೀಶಿನವರಿಂದ ತಿಳಿಯಿತು.

ಮಳೆ ಹಿಡಿಯುವ ಮುಂಚಿನ ದಿನಗಳು. ತೋಟಗಳಲ್ಲಿ ಔಷಧಿ ಹೊಡೆಯುವ ಅವಸರ. ನಾನು ಅಂಗಡಿಯಲ್ಲಿ ಕೂತು ಸ್ಪ್ರೇಯರಿನ ವಾಷರು, ನಾಝಲು ತೆಗೆದುಕೊಡುತ್ತಿದ್ದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಚೀಟಿ ಹಿಡಿದು ಬಂದು, "ಏನಪ್ಪಾ, ಮತ್ತೆ ಯಾವಾಗ ಆಟ?" ಎನ್ನುತ್ತಿದ್ದರು. "ನೋಡ್ಬೇಕು," ಎನ್ನುತ್ತಿದ್ದೆ. ನನಗೆ ಅಲ್ಲಿ ಬೇಸರವಾಗುತ್ತಿರಲಿಲ್ಲ. ಗಿರಾಕಿ ಕೇಳಿದ್ದು ಕೊಟ್ಟರೆ ಕೆಲಸ ಮುಗಿಯಿತು, ಅನುಮಾನಕ್ಕೆ ಜಾಗವಿಲ್ಲ. ಬೇಸರವಾಗದಿರುವುದೇ ಒಂದು ಚಿಂತೆಯಾಯಿತು. ಹಾಗಾದರೆ ನನಗೆ ಆಟ ಬೇಡವಾಗಿದೆಯೇ? ಬೆಳಿಗ್ಗೆ ಎದ್ದು ಓಡಲು ಮಾತ್ರ ಹೋಗುತ್ತಿದ್ದೆ.

ಮಳೆ ಜೋರಾದ ಮೇಲೆ ಇನ್ನೊಂದು ತಂಡದಿಂದ ಕರೆ ಬಂತು. ಅಪ್ಪನಿಗೆ ಹೇಳಿದೆ. ಅವರು ತೂಗಿದ ಮೊಳೆಯನ್ನು ಕಾಗದದಲ್ಲಿ ಕಟ್ಟುತ್ತಿದ್ದರು. "ಹೋಗ್ತೀಯಾ?" ಎಂದರು.

"ಹೋಗಾದೋ ಬೇಡ್ವೋ ಗೊತ್ತಾಗ್ತಿಲ್ಲ."

"ಗೊತ್ತಾಗಕ್ಕೆ ಇಲ್ಲೇ ಕೂತ್ರೆ ಆಗ್ತದಾ? ಹೋಗಿ ನೋಡು. ಅಂಗಡಿ ಎಲ್ಲೂ ಹೋಗಲ್ಲ."

ಹೋದೆ. ಹೊಸ ತಂಡದ ಕೋಚ್ ನನ್ನನ್ನು ಬಲ ಕಾರ್ನರಿಗೆ ನಿಲ್ಲಿಸಿದರು. ಎಡಕ್ಕೆ ಅವರಲ್ಲಿ ಆಗಲೇ ಒಬ್ಬನಿದ್ದ. ಬಲಕ್ಕೆ ನಿಂತರೆ ಎಲ್ಲವೂ ತಿರುಗುಮುರುಗು. ಬೇರೆ ಕಾಲು ಮುಂದಿಡಬೇಕು, ಬೇರೆ ಕೈ ಚಾಚಬೇಕು. ಒಂದು ವಾರ ನಾನು ಊಟದ ಮೇಜಿನ ಮೇಲೂ ಲೋಟಕ್ಕೆ ತಪ್ಪು ಕೈ ಚಾಚುತ್ತಿದ್ದೆ. ಮೊದಲ ಪಂದ್ಯದಲ್ಲಿ ಒಬ್ಬನನ್ನು ಹಿಡಿದೆ, ಒಬ್ಬ ತಪ್ಪಿಸಿಕೊಂಡ, ಇನ್ನೊಬ್ಬ ನನ್ನನ್ನು ಎಳೆದುಕೊಂಡೇ ಗೆರೆ ಮುಟ್ಟಿದ. ನಾವು ಸೋತೆವು.

ಬಸ್ಸು ಹತ್ತುವ ಮೊದಲು ಧೈರ್ಯ ಮಾಡಿ ಕೋಚ್ ಹತ್ತಿರ ಹೋದೆ. "ಸರ್, ನಾನು ಹೇಗೆ ಆಡಿದೆ? ಮುಂದಿನ ಪಂದ್ಯಕ್ಕೆ ಇದ್ದೀನಾ?" ಎಂದು ನನಗೆ ಬರುವ ಹಿಂದಿಯಲ್ಲಿ ಕೇಳಿದೆ. ಅವರು ಫೋನಿನಲ್ಲಿ ಏನೋ ನೋಡುತ್ತಿದ್ದವರು ತಲೆ ಎತ್ತಿ, "ಬೆಳಿಗ್ಗೆ ಅಭ್ಯಾಸಕ್ಕೆ ಬಾ," ಎಂದರು.

ಅದು ಹೌದೋ ಅಲ್ಲವೋ ಎಂದು ಬಸ್ಸಿನಲ್ಲಿ ಕೂತು ಸ್ವಲ್ಪ ದೂರ ಯೋಚಿಸಿದೆ. ಆಮೇಲೆ ನಿದ್ದೆ ಬಂತು. ಬೆಳಿಗ್ಗೆ ಎದ್ದು, ಮಂಡಿಗೆ ಪಟ್ಟಿ ಸುತ್ತಿಕೊಂಡು ಅಭ್ಯಾಸಕ್ಕೆ ಹೋದೆ.